ದ್ಯಾಮಣ್ಣನ ದಿನಾಂಕ ಅಮಾನ್ಯ

ಊರೆಲ್ಲ ಕಂಪ್ಯೂಟರ್ ಮಾರಿ ಮೊಬೈಲ್ ಹಿಡಿದು ಕೂತ ಮೇಲೆ ದ್ಯಾಮಣ್ಣ ಕರೆಣ್ಣವರ ಒಂದು ಕಂಪ್ಯೂಟರ್ ಕೊಂಡ. ಕೇಶ್ವಾಪುರದ ಹಳೆ ಸಾಮಾನಿನ ಅಂಗಡಿಯಿಂದ ಅದು ಆಟೋದಲ್ಲಿ ಬೈರಿದೇವರಕೊಪ್ಪಕ್ಕೆ ಬಂದಿಳಿದಾಗ ಓಣಿಯ ಹೆಂಗಸರು ಪರದೆಯನ್ನು ಟಿ.ವಿ. ಎಂದೂ ಜೊತೆಗಿದ್ದ ಕರಿ ಡಬ್ಬಿಯನ್ನು ಮನೆಯಲ್ಲೇ ಹಿಟ್ಟು ಬೀಸುವ ಗಿರಣಿ ಎಂದೂ ತೀರ್ಮಾನಿಸಿದರು. ದ್ಯಾಮಣ್ಣನಿಗೆ ಇದು ಸೇರಲಿಲ್ಲ. ಧಾರವಾಡದ ಸರ್ಕಾರಿ ಕಚೇರಿಯೊಂದರಲ್ಲಿ ಅವನು ಪ್ರಥಮ ದರ್ಜೆ ಸಹಾಯಕ. ಇನ್ನು ಹದಿನೈದು ದಿನಕ್ಕೆ ಅಧೀಕ್ಷಕನಾಗುವವನು. ಅಧೀಕ್ಷಕನಾಗುವವನ ಮನೆಗೆ ಗಿರಣಿ ಬಂತು ಎಂದು ಜನ ಮಾತಾಡಬಾರದು.

"ಸರ್ಕಾರ ಕೊಟ್ಟೈತಿ," ಎಂದು ಕಟ್ಟೆಯ ಮೇಲೆ ನಿಂತು ಹೇಳಿಬಿಟ್ಟ. "ಗುಪ್ತ ಫೈಲು ಇರ್ತಾವಲ್ಲ, ಆಫೀಸಿನ್ಯಾಗ ಎಲ್ಲಾರ ಮುಂದ ತಗ್ಯಾಕ ಬರೂದಿಲ್ಲ. ಅಂಥಾವನ್ನ ಮನ್ಯಾಗ ಕುಂತು ನೋಡ್ರಿ ಅಂತ ಕೊಟ್ಟಾರ."

ಆ ಒಂದು ಮಾತಿನಿಂದ ಓಣಿಯಲ್ಲಿ ಅವನ ತೂಕ ಏರಿತು. ಆದರೆ ಅದೇ ಮಾತಿನಿಂದ, ಕಂಪ್ಯೂಟರಿಗೆ ಏನಾದರೂ ಆದರೆ ಓಣಿಯ ಯಾರನ್ನೂ ಕರೆಯುವಂತಿರಲಿಲ್ಲ. ಗುಪ್ತ ಫೈಲುಗಳ ಯಂತ್ರವನ್ನು ಕಂಡವರ ಕೈಗೆ ಹೇಗೆ ಕೊಡುವುದು? ಅದನ್ನು ಆಗ ಅವನು ಯೋಚಿಸಲಿಲ್ಲ. ಯೋಚಿಸುವ ಅಭ್ಯಾಸ ಇದ್ದವರು ಅಷ್ಟು ವರ್ಷ ಪ್ರಥಮ ದರ್ಜೆಯಲ್ಲೇ ಇರುತ್ತಿರಲಿಲ್ಲ.

ರವಿವಾರ ಮುಂಜಾನೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಕಂಪ್ಯೂಟರಿನ ಮುಂದೆ ಕೂತ. ಹೆಂಡತಿ ರುಕ್ಮವ್ವ ಪರದೆಯ ನೆತ್ತಿಗೆ ಕುಂಕುಮ ಇಟ್ಟಳು. ಎಂಬತ್ತು ದಾಟಿದ ತಾಯಿ ದಾನವ್ವ ಗೋಡೆಗೆ ಆತು ಕೂತು, ಗಿರಣಿ ಯಾವಾಗ ಶುರುವಾಗುತ್ತದೆಂದು ಕಾಯುತ್ತಿದ್ದಳು. ಮೂರನೆಯ ಪ್ರೇಕ್ಷಕ ಮಹಾಂತಯ್ಯ. ಎರಡು ಮನೆ ಆಚೆಯ ನೆರೆಯವನು, ಅದೇ ಕಚೇರಿಯ ನೌಕರ, ಜ್ಯೇಷ್ಠತೆಯಲ್ಲಿ ದ್ಯಾಮಣ್ಣನಿಗಿಂತ ಒಂದೇ ಒಂದು ಸ್ಥಾನ ಕೆಳಗೆ. ದ್ಯಾಮಣ್ಣ ಅವನನ್ನು ಕರೆಸಿದ್ದೇ ಅದಕ್ಕೆ. ಇಲಾಖೆಯ ವೆಬ್‌ಸೈಟಿನಲ್ಲಿ ಜ್ಯೇಷ್ಠತಾ ಪಟ್ಟಿ ಬಿಟ್ಟಿದ್ದರು. ಒಂದನೇ ನಂಬರಿನಲ್ಲಿ ತನ್ನ ಹೆಸರು, ಎರಡನೆಯದರಲ್ಲಿ ಮಹಾಂತಯ್ಯನ ಹೆಸರು ಇರುವುದನ್ನು ಮಹಾಂತಯ್ಯನ ಬಾಯಿಂದಲೇ ಓದಿಸಬೇಕೆಂಬುದು ಅವನ ಸಣ್ಣ ಆಸೆ.

ವೆಬ್‌ಸೈಟಿನ ಹೆಸರು ಒತ್ತಿದ. ಪರದೆ ಬಿಳಿಯಾಯಿತು. ಆಮೇಲೆ ಕೆಂಪು ಬಣ್ಣದ ಒಂದು ತ್ರಿಕೋನ ಬಂತು. ಕೆಳಗೆ ಅಚ್ಚ ಕನ್ನಡದಲ್ಲಿ ಮೂರು ಸಾಲು.

ಮಹಾಂತಯ್ಯ ಶ್ರಾವಣದಲ್ಲಿ ಪುರಾಣ ಓದುವವನು. ಕನ್ನಡಕ ಏರಿಸಿ ಅದೇ ಧಾಟಿಯಲ್ಲಿ ಓದಿದ:

"ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ. ದಾಳಿಕೋರರು ನಿಮ್ಮ ಮಾಹಿತಿಯನ್ನು ಪಡೆಯಲು ಪ್ರಯತ್ನಿಸುತ್ತಿರಬಹುದು. ಪ್ರಮಾಣಪತ್ರದ ದಿನಾಂಕ ಅಮಾನ್ಯ."

ಮೊದಲು ಬಾಯಿ ತೆರೆದವಳು ರುಕ್ಮವ್ವ. "ಸಂಪರ್ಕ ಅಂದ್ರ? ಯಾರ ಜೋಡಿ ಸಂಪರ್ಕರಿ ನಿಮಗ?"

"ಏ, ಹಂಗಲ್ಲ ಅದು..."

"ಮತ್ತ ಖಾಸಗಿ ಉಳದಿಲ್ಲ ಅಂತ ಬರದಾರ! ಅಂದ್ರ ಊರಿಗೆಲ್ಲಾ ಗೊತ್ತಾಗೇತಿ, ನನಗೊಬ್ಬಾಕಿಗೆ ಗೊತ್ತಿಲ್ಲ!"

"ವೈನಿ, ಅದು ಬಿಡ್ರಿ," ಎಂದ ಮಹಾಂತಯ್ಯ. ಅವನ ದನಿ ಇಳಿದಿತ್ತು. "ಎರಡನೇ ಸಾಲು ನೋಡ್ರಿ. ದಾಳಿಕೋರರು. ದಾಳಿ ಯಾರು ಮಾಡ್ತಾರ? ಪೇಪರಿನ್ಯಾಗ ಓದೂದಿಲ್ಲೇನು? ಬೆಳ್ಳಂಬೆಳಗ್ಗೆ ಅಧಿಕಾರಿ ಮನಿ ಮ್ಯಾಲೆ ದಾಳಿ. ಹಾಸಗಿ ಹರದು ನೋಡ್ತಾರ, ಹಿಟ್ಟಿನ ಡಬ್ಬಿಯೊಳಗ ಕೈ ಹಾಕ್ತಾರ."

"ನಾ ಏನ್ ತಿಂದೇನ್ರಿ? ಒಂದ ಕಪ್ ಚಾ ಮ್ಯಾಲೆ ಯಾರ ಹತ್ರಾನೂ ಏನೂ ಮುಟ್ಟಿಲ್ಲ!"

"ಅವರು ಬರೂದು ಚಾಕ್ಕ ಅಲ್ರಿ." ಮಹಾಂತಯ್ಯ ಮೂರನೇ ಸಾಲಿನ ಮೇಲೆ ಬೆರಳಿಟ್ಟ. "ಪ್ರಮಾಣಪತ್ರದ ದಿನಾಂಕ ಅಮಾನ್ಯ."

ಪರದೆಯ ಮೇಲೆ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ಎರಡು ಸಾಲಿದ್ದವು. ಅವನ್ನು ಯಾರಾದರೂ ಓದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಸರ್ಕಾರಿ ನೌಕರ ಸಣ್ಣ ಅಕ್ಷರಗಳನ್ನು ಓದುವುದಿಲ್ಲ, ಬರೆಯುತ್ತಾನೆ.

ದ್ಯಾಮಣ್ಣನಲ್ಲಿ ಇದ್ದದ್ದು ಒಂದೇ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿಯದು. ಅದರಲ್ಲಿ ಇದ್ದದ್ದು ಒಂದೇ ಮುಖ್ಯ ದಿನಾಂಕ, ಹುಟ್ಟಿದ್ದು. ಜೂನ್ ಒಂದು. ಆ ದಿನಾಂಕ ಸುಳ್ಳು ಎಂದು ಅವನಿಗೆ ಐವತ್ತು ವರ್ಷದಿಂದ ಗೊತ್ತಿತ್ತು.

ಅವನ ತಪ್ಪೇನೂ ಇರಲಿಲ್ಲ. ಎಮ್ಮೆ ಕಾಯುತ್ತಿದ್ದ ಹುಡುಗನನ್ನು ಅಪ್ಪ ಒಂದು ದಿನ ಕೈ ಹಿಡಿದು ಸಾಲಿಗೆ ಎಳೆದೊಯ್ದ. ಹೆಡ್ ಮಾಸ್ತರರು, ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಎಂದರು. ಕಿವಿ ಮುಟ್ಟಿದರೆ ಆರು ವರ್ಷ ತುಂಬಿದೆ ಎಂದು ಲೆಕ್ಕ. ದ್ಯಾಮಣ್ಣನ ಕೈ ಕಿವಿ ದಾಟಿ ಗದ್ದಕ್ಕೆ ಬಂತು. ಮಾಸ್ತರರು ಒಮ್ಮೆ ನಕ್ಕು ಆರು ಎಂದೇ ಬರೆದುಕೊಂಡರು. ಯಾವ ತಾರೀಖು ಎಂದು ಕೇಳುವ ಪದ್ಧತಿ ಇರಲಿಲ್ಲ. ಸಾಲಿ ತೆರೆಯುವ ಜೂನ್ ಒಂದನ್ನೇ ಎಲ್ಲ ಮಕ್ಕಳಿಗೂ ಹಂಚಿಬಿಡುತ್ತಿದ್ದರು. ಹೀಗೆ ಕಾಗದದ ಮೇಲೆ ದ್ಯಾಮಣ್ಣನಿಗೆ ಈಗ ಐವತ್ತೆಂಟು. ಹಡೆದವಳ ಲೆಕ್ಕದಲ್ಲಿ ಅರವತ್ತು ದಾಟಿ ಎಂಟು ತಿಂಗಳು. ಅರವತ್ತಕ್ಕೆ ನಿವೃತ್ತಿ. ಅಂದರೆ ಹಡೆದವಳ ಮಾತು ಸರ್ಕಾರದ ಕಿವಿಗೆ ಬಿದ್ದರೆ ಅವನು ಅಧೀಕ್ಷಕನಾಗುವುದು ಹೋಗಲಿ, ಎಂಟು ತಿಂಗಳಿಂದ ಕಚೇರಿಯಲ್ಲಿ ಕಳ್ಳತನದಿಂದ ಕೂತಿದ್ದ ಹೊರಗಿನ ಮನುಷ್ಯನಾಗುತ್ತಿದ್ದ.

ದ್ಯಾಮಣ್ಣ ಕಂಪ್ಯೂಟರಿನ ವಾಯರನ್ನೇ ಗೋಡೆಯಿಂದ ಕಿತ್ತ.

"ಗಿರಣಿ ಕೆಟ್ಟಿತೇನೋ ತಮ್ಮಾ?" ಎಂದಳು ದಾನವ್ವ.

ಸೋಮವಾರ ರಜೆ ಹಾಕಿದ. ಹೊಟ್ಟೆನೋವು ಎಂದು ಬರೆದದ್ದು ಸುಳ್ಳೇನೂ ಆಗಿರಲಿಲ್ಲ. ಬಾಗಿಲು ಹಾಕಿ, ಧೈರ್ಯ ಮಾಡಿ, ವಾಯರು ಚುಚ್ಚಿ ಮತ್ತೆ ಹಚ್ಚಿದ. ಈ ಸಲ ಮೂರು ಸಾಲು ಬರಲಿಲ್ಲ. ದಪ್ಪ ಅಕ್ಷರದಲ್ಲಿ ಒಂದೇ ಸಾಲು ಬಂತು.

ನಿಮ್ಮ ಗಡಿಯಾರ ಹಿಂದಿದೆ.

ದ್ಯಾಮಣ್ಣ ಮೆಲ್ಲಗೆ ಕತ್ತು ಹೊರಳಿಸಿದ. ಗಡಿಯಾರ ಹಿಂದೆಯೇ ಇತ್ತು. ಅವನ ಬೆನ್ನ ಹಿಂದಿನ ಗೋಡೆಯ ಮೇಲೆ, ಮದುವೆಯಲ್ಲಿ ಬೀಗರು ಕೊಟ್ಟದ್ದು, ಮೊಳೆಗೆ ನೇತಾಡುತ್ತಿತ್ತು.

"ರುಕ್ಮವ್ವಾ!" ಎಂದ. ಕುರ್ಚಿ ಬಿಟ್ಟು ಎದ್ದ. "ರುಕ್ಮವ್ವಾ, ಇದಕ್ಕ ನಮ್ಮ ಮನಿ ಒಳಗಿಂದು ಕಾಣಸ್ತೈತಿ!"

ರುಕ್ಮವ್ವ ಅಡುಗೆಮನೆಯಿಂದ ಬಂದವಳು ಮೊದಲು ಸೆರಗು ಸರಿಮಾಡಿಕೊಂಡಳು. ಕ್ಯಾಮೆರಾ ಎಲ್ಲಿದೆಯೆಂದು ಇಬ್ಬರೂ ಹುಡುಕಿದರು. ಎಲ್ಲೂ ಇರಲಿಲ್ಲ. ಕಾಣದ ಕ್ಯಾಮೆರಾ ಕಾಣುವ ಕ್ಯಾಮೆರಾಕ್ಕಿಂತ ಅಪಾಯದ್ದು ಎಂದು ದ್ಯಾಮಣ್ಣ ತಿಳಿದವನಂತೆ ಹೇಳಿದ. ಪರೀಕ್ಷೆಗೆಂದು ಗಡಿಯಾರವನ್ನು ಮೊಳೆಯಿಂದ ಇಳಿಸಿ, ಎದುರಿನ ಗೋಡೆಗೆ ಹಾಕಿ, ಮತ್ತೆ ಹಚ್ಚಿದ.

ನಿಮ್ಮ ಗಡಿಯಾರ ಹಿಂದಿದೆ.

ಹಿಂದೆ ತಿರುಗಿ ನೋಡಿದ. ಟ್ರೆಝರಿ ಎನ್ನುವ ಕಬ್ಬಿಣದ ಕಪಾಟಿನ ಮೇಲೆ ಅಲಾರಾಂ ಗಡಿಯಾರ ಇತ್ತು! ಅದನ್ನೂ ಮುಂದೆ ತಂದಿಟ್ಟ. ಮತ್ತೆ ಅದೇ ಸಾಲು. ಟ್ರೆಝರಿಯ ಒಳಗೆ, ಸೀರೆಗಳ ನಡುವೆ, ರುಕ್ಮವ್ವನ ಕೈಗಡಿಯಾರ ಸಿಕ್ಕಿತು.

"ಕಪಾಟಿನ ಒಳಗಿಂದೂ ಕಾಣಸ್ತೈತಿ ಇದಕ್ಕ," ಎಂದು ರುಕ್ಮವ್ವ ಟ್ರೆಝರಿಯ ಬಾಗಿಲು ಹಾಕಿದಳು. ಗಂಡನ ಸಂಪರ್ಕದ ವಿಷಯ ಅವಳಿಗೆ ಅಲ್ಲಿಗೆ ಮರೆತುಹೋಯಿತು. ದ್ಯಾಮಣ್ಣನಿಗೆ ಆ ದಿನ ಆದ ಲಾಭ ಅದೊಂದೇ.

ಸಂಜೆ ಮನೆಯೆಲ್ಲ ಹುಡುಕಿ ಸಿಕ್ಕ ಐದೂ ಗಡಿಯಾರಗಳನ್ನು ಒಂದು ಕೈಚೀಲದಲ್ಲಿ ತುಂಬಿಕೊಂಡು ಅವನು ಗೌಸಸಾಬನ ಅಂಗಡಿಗೆ ಹೋದ. ಗೌಸಸಾಬ ಬಸ್ ನಿಲ್ದಾಣದ ಹತ್ತಿರ ಒಂದು ಗಾಜಿನ ಪೆಟ್ಟಿಗೆ ಇಟ್ಟುಕೊಂಡು ನಲವತ್ತು ವರ್ಷದಿಂದ ಗಡಿಯಾರ ರಿಪೇರಿ ಮಾಡುತ್ತಿದ್ದ. ಐದನ್ನೂ ಕಿವಿಗೆ ಹಿಡಿದ, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಒಳಗೂ ನೋಡಿದ.

"ಸಾಹೇಬ್ರ, ಎಲ್ಲಾ ಬರೋಬ್ಬರಿ ಅದಾವು. ಇದೊಂದು ಒಂದ ಮಿನಿಟ ಮುಂದ ಐತಿ. ಹಿಂದ ಯಾವುದೂ ಇಲ್ಲ."

"ಹಿಂದ ಐತಂತ."

"ಯಾರ ಹೇಳಿದ್ರು?"

ದ್ಯಾಮಣ್ಣ ಆಚೀಚೆ ನೋಡಿ ಬಗ್ಗಿ ಹೇಳಿದ. "ಸರ್ಕಾರ."

ಗೌಸಸಾಬ ಮಸೂರ ತೆಗೆದ. "ನಲವತ್ತು ವರ್ಷದಾಗ ಸರ್ಕಾರ ನನಗ ಒಂದ ಗಡಿಯಾರನೂ ತೋರಿಸಿಲ್ರಿ. ಅವರದು ನೆಟ್ಟಗ ಐತಂತ ಅವರಿಗೆ ಹೆಂಗ ಗೊತ್ತು?"

ಹೀಗೆ ಬಹಿರಂಗವಾಗಿ ಸರ್ಕಾರವನ್ನು ಅನ್ನುವವನ ಜೊತೆ ನಿಲ್ಲುವುದು ಈ ಹೊತ್ತಿನಲ್ಲಿ ಒಳ್ಳೆಯದಲ್ಲವೆಂದು ದ್ಯಾಮಣ್ಣ ಗಡಿಯಾರಗಳನ್ನು ಅಲ್ಲೇ ಬಿಟ್ಟು ಲಗುಬಗೆಯಿಂದ ಹೊರಟುಬಂದ. ಮನೆಯಲ್ಲಿ ಈಗ ಹೊತ್ತು ತಿಳಿಯುವಂತಿರಲಿಲ್ಲ. ಅದು ಒಂದು ರೀತಿಯ ನೆಮ್ಮದಿ.

ಮಂಗಳವಾರವೂ ರಜೆ ಹಾಕಿ ಅವನು ತಾಯಿಯ ಮುಂದೆ ಕೂತು ಪಾಠ ಶುರು ಮಾಡಿದ. ದಾಳಿ ಬಂದರೆ ಮೊದಲು ಸಾಕ್ಷಿ ಕೇಳುವುದು ಹಡೆದವಳನ್ನು.

"ಯವ್ವಾ, ಯಾರರ ಬಂದು ಏನ ಕೇಳಿದ್ರೂ ಜೂನ್ ಒಂದು ಅನ್ನು."

"ನೀ ಹುಟ್ಟಿದ್ದು ಜ್ವಾಳದ ಸುಗ್ಗ್ಯಾಗ."

"ಯವ್ವಾ, ನಿನ್ನ ಕಾಲ ಬೀಳ್ತೇನಿ. ಜೂನ್ ಒಂದು."

"ಜೂನ್ ಒಂದು," ಎಂದಳು ದಾನವ್ವ. ಹತ್ತು ಸಲ ಹೇಳಿಸಿದ. ಹನ್ನೊಂದನೇ ಸಲ ಹೇಳಿಸುವಾಗ ಹೊರಗೆ ಬಾಗಿಲು ಬಡಿದ ಸಪ್ಪಳವಾಯಿತು.

ಕಿಟಕಿಯ ಸಂದಿಯಿಂದ ನೋಡಿದ. ಒಬ್ಬ ಹೆಣ್ಣುಮಗಳು ನಿಂತಿದ್ದಳು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ದಪ್ಪ ಫೈಲು. ಆಕೆ ಓಣಿಯ ಸರ್ಕಾರಿ ಶಾಲೆಯ ಆರತಿ ಟೀಚರು. ಮತದಾರರ ಪಟ್ಟಿ ಪರಿಷ್ಕರಣೆಗೆ ಮನೆಮನೆ ತಿರುಗುತ್ತಿದ್ದಳು. ಆದರೆ ದಾಳಿಗೆ ಬರುವವರು ದಾಳಿಯವರಂತೆ ಬರುತ್ತಾರೆಯೇ? ದ್ಯಾಮಣ್ಣ ಬಚ್ಚಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡ.

"ಕರೆಣ್ಣವರ ಮನಿ ಇದೇನ್ರಿ? ವಯಸ್ಸಿನ ಪರಿಶೀಲನಾಕ್ಕ ಬಂದೇನ್ರಿ."

"ಮನ್ಯಾಗಿಲ್ರಿ ಅವರು," ಎಂದಳು ರುಕ್ಮವ್ವ. "ಯಾವ ವಯಸ್ಸಿನ್ಯಾಗೂ ಮನ್ಯಾಗಿಲ್ಲ."

"ಇರಲಿ ಬಿಡ್ರಿ, ಅಜ್ಜಿನ್ನ ಕೇಳ್ತೇನಿ. ಅಜ್ಜಿ, ನಿಮ್ಮ ಹೆಸರೇನ್ರಿ?"

"ಜೂನ್ ಒಂದು," ಎಂದಳು ದಾನವ್ವ.

"ಹೆಸರು, ಅಜ್ಜಿ."

"ಜೂನ್ ಒಂದು."

"ಮನ್ಯಾಗ ಎಷ್ಟ ಮಂದಿ ಅದೀರಿ?"

"ಜೂನ್ ಒಂದು."

ಆರತಿ ಟೀಚರು ರುಕ್ಮವ್ವನ ಮುಖ ನೋಡಿದಳು. "ಅಜ್ಜಿಗೆ ಹುಷಾರಿಲ್ಲೇನ್ರಿ?"

ಹುಷಾರಿಲ್ಲ ಎಂಬ ಮಾತು ದಾನವ್ವನ ಮರ್ಯಾದೆಗೆ ತಗಲಿತು. "ಏ ತಂಗಿ, ಇಲ್ಲಿ ಕುಂದ್ರು. ಅಂವ ಹೇಳಿಕೊಟ್ಟಿದ್ದು ಮುಗೀತು. ಈಗ ಖರೇದ್ ಹೇಳ್ತೇನಿ ಕೇಳು. ಜ್ವಾಳಾ ಕೊಯ್ಯಾಕತ್ತಿದ್ವಿ. ನಮ್ಮ ಕರಿ ಎಮ್ಮಿ ಮದಲನೇ ಕರಾ ಹಾಕಿದ ವರ್ಷ. ಹೊಲದಾಗ ಬ್ಯಾನಿ ಬಂತು, ಬಣವಿ ಹಿಂದ ಹಡದೆ, ಮಾರನೇ ದಿನಾ ಅಲ್ಲೇ ರೊಟ್ಟಿ ತಿಂದೆ. ನಮ್ಮ ತಂಗಿಗಿ ಅದರ ಮಾರನೇ ವರ್ಷ ಹುಡುಗಿ ಆತು. ಆ ಹುಡುಗಿಗಿ ಮೊನ್ನೆ ಅರವತ್ತರ ಶಾಂತಿ ಮಾಡ್ಬೇಕಂತ ಕೇಳಾಕ ಬಂದಿದ್ರು. ಲೆಕ್ಕಾ ನೀನ ಹಾಕು. ಇಂವ ಬಚ್ಚಲದಾಗ ಅದಾನ, ಬೇಕಾದ್ರ ಕೇಳು."

ಬಚ್ಚಲಿನಲ್ಲಿ ಒಂದು ತಂಬಿಗೆ ಬಿದ್ದು ಉರುಳಿತು.

"ಆತು ಅಜ್ಜಿ, ಬರಕೊಂಡೆ," ಎಂದು ಆರತಿ ಟೀಚರು ಎದ್ದಳು. ಅವಳು ಬರೆದುಕೊಂಡದ್ದು ಮನೆಯಲ್ಲಿ ಮೂರು ಮತ, ಬದಲಾವಣೆ ಇಲ್ಲ ಎಂದು. ಬಚ್ಚಲೊಳಗಿನ ಮನುಷ್ಯನಿಗೆ ಕೇಳಿದ್ದು 'ಬರಕೊಂಡೆ' ಎಂಬ ಒಂದೇ ಮಾತು.

ಸಂಜೆ ಬಂದ ಮಹಾಂತಯ್ಯ ಎಲ್ಲವನ್ನೂ ಕೇಳಿಸಿಕೊಂಡ. ಅವನ ಮುಖದಲ್ಲಿ ದುಃಖವಿತ್ತು. ಆ ದುಃಖದ ಹಿಂದೆ ಅಧೀಕ್ಷಕನ ಕುರ್ಚಿಯೂ ಕಾಣುತ್ತಿತ್ತು, ಆದರೆ ದ್ಯಾಮಣ್ಣ ಆ ದಿನಗಳಲ್ಲಿ ಹಿಂದಿರುವುದನ್ನು ನೋಡಲು ಹೆದರುತ್ತಿದ್ದ.

"ಹೇಳಿಕಿ ಬರಕೊಂಡ ಹೋದ್ರಾ? ಹಂಗಾದ್ರ ಮುಗೀತ್ರಿ. ಅವರು ಹಿಡಿಯೂದರೊಳಗ ನೀವ ಹೋಗಿ ಒಪ್ಪಿಕೊಂಡು ಬಿಡ್ರಿ. ತಾನ ಒಪ್ಪಿಕೊಂಡಾಂವಗ ಶಿಕ್ಷಾ ಕಡಿಮಿ. ಪೆನ್ನು ತಗೋರಿ, ನಾ ಹೇಳ್ತೇನಿ, ನೀವು ಬರೀರಿ."

"ನೌಕರಿ ಹೋಕ್ಕೈತೇನ್ರಿ ಮಹಾಂತಯ್ಯಾರ?"

"ನೌಕರಿ ಹೋದ್ರ ಹೋಗ್ಲಿ. ಕೈಗೆ ಬೇಡಿ ಬ್ಯಾಡಲ್ಲ?"

ಮಹಾಂತಯ್ಯ ಹೇಳಿದಂತೆ ದ್ಯಾಮಣ್ಣ ಬರೆದ. ವಿಷಯ: ನನ್ನ ಜನ್ಮದಿನಾಂಕದ ಕುರಿತು ತಪ್ಪೊಪ್ಪಿಗೆ. ಮಾನ್ಯರೇ, ಸದರಿ ನಾನು ಸದರಿ ದಿನಾಂಕದಂದು ಹುಟ್ಟಿರುವುದಿಲ್ಲವೆಂದು, ಸುಮಾರು ಎರಡೂವರೆ ವರ್ಷ ಮುಂಚಿತವಾಗಿಯೇ ಹುಟ್ಟಿರುತ್ತೇನೆಂದು ಈ ಮೂಲಕ ತಮ್ಮ ಅವಗಾಹನೆಗೆ ತರಬಯಸುತ್ತೇನೆ. ಹೀಗೆ ಮುಂಚಿತವಾಗಿ ಹುಟ್ಟಿದ್ದರಲ್ಲಿ ನನ್ನ ಯಾವುದೇ ದುರುದ್ದೇಶ ಇರುವುದಿಲ್ಲ.

"ಛಲೋ ಬಂತು," ಎಂದು ಮಹಾಂತಯ್ಯ ಊಟಕ್ಕೆ ಹೋದ. ದ್ಯಾಮಣ್ಣ ಇನ್ನೊಮ್ಮೆ ಓದಿದ. ಯಾವ ಪತ್ರವನ್ನೂ ಒಂದು ಸಾಲು ತನ್ನದಾಗಿ ಸೇರಿಸದೆ ಅವನು ಎಂದೂ ಮೇಲಕ್ಕೆ ಕಳಿಸಿದವನಲ್ಲ. ಸಹಿಯ ಮೇಲೆ ಒಂದು ಸಾಲು ಸೇರಿಸಿದ.

ಬುಧವಾರ ಮುಂಜಾನೆ ಮಹಾಂತಯ್ಯ ಅವನನ್ನು ಚಿಗರಿ ಎಂಬ ವೇಗದ ಬಸ್ಸಿನಲ್ಲಿ ತನ್ನ ಪಕ್ಕದಲ್ಲೇ ಕೂರಿಸಿಕೊಂಡು ಧಾರವಾಡಕ್ಕೆ ಕರೆದೊಯ್ದ. ಟಪಾಲು ವಿಭಾಗದ ವಾಣಿಶ್ರೀಗೆ ಲಕೋಟೆ ಕೊಡಿಸಿದ. ಇಬ್ಬರಿಗೂ ಅರ್ಧ ದಿನದ ರಜೆ ಹಾಕಿಸಿ, ಮನಸ್ಸು ಬದಲಾಗದಂತೆ ಕಾವಲು ಕಾಯುತ್ತ ಮನೆಗೂ ಮುಟ್ಟಿಸಿದ. ಇಂಥ ನೆರೆಯವರು ಸಿಗುವುದು ಅಪರೂಪವೆಂದು ರುಕ್ಮವ್ವ ಅವನಿಗೆ ಚಹಾ ಮಾಡಿಕೊಟ್ಟಳು.

ಆ ಚಹಾ ಅರ್ಧ ಕುಡಿದಿರುವಾಗ ಗೌಸಸಾಬ ಕೈಚೀಲ ಹಿಡಿದು ಬಾಗಿಲಿಗೆ ಬಂದ.

"ಸಾಹೇಬ್ರ, ಗಡಿಯಾರ ಬಿಟ್ಟು ಓಡಿ ಬಂದ್ರಲ್ಲ. ಎರಡ ದಿನಾ ನೋಡಿದೆ, ಐದೂ ಛಲೋ ನಡೀತಾವು. ಯಾವುದು ಹಿಂದೈತಿ ಅಂತೀರೋ ಅದನ್ನರ ತೋರಸ್ರಿ. ನಿದ್ದಿ ಬರವಲ್ದು ನನಗ."

ದ್ಯಾಮಣ್ಣನಿಗೆ ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ವಾಯರು ಚುಚ್ಚಿ, ಹೆದರಿ ಪರದೆಗೆ ಹೊದಿಸಿಟ್ಟಿದ್ದ ಟವೆಲ್ಲು ಸರಿಸಿದ. ನಿಮ್ಮ ಗಡಿಯಾರ ಹಿಂದಿದೆ.

ಗೌಸಸಾಬ ದೊಡ್ಡ ಅಕ್ಷರ ನೋಡಲೇ ಇಲ್ಲ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಪರದೆಗೆ ಮೂಗು ತಾಗುವಷ್ಟು ಬಗ್ಗಿದ.

"ಕೆಳಗ ಏನೋ ಸಣ್ಣದಾಗಿ ಬರದೈತ್ರಿ. ನಾ ಬರೇ ಸಣ್ಣದ ನೋಡಾಂವ, ಅದಕ್ಕ ಕಂಡ್ತು. ನಿಮ್ಮ ಕಂಪ್ಯೂಟರಿನ ದಿನಾಂಕ ಮತ್ತು ಸಮಯ ತಪ್ಪಾಗಿದೆ. ಎರಡು ಸಾವಿರದ ಹತ್ತು, ಜನವರಿ ಒಂದು." ನೆಟ್ಟಗಾಗಿ ನಕ್ಕ. "ಗ್ವಾಡಿ ಗಡಿಯಾರ ಅಲ್ರಿ ಸಾಹೇಬ್ರ, ಇದರ ಹೊಟ್ಟ್ಯಾಗಿನ ಗಡಿಯಾರ ನಿಂತೈತಿ. ಇದು ಇನ್ನೂ ಹದಿನೈದು ವರ್ಷ ಹಿಂದನ ಅದ. ಈ ವೆಬ್‌ಸೈಟಿಗೂ ಒಂದು ಪ್ರಮಾಣಪತ್ರ ಇರ್ತೈತಂತ ಇಲ್ಲಿ ಬರದಾರ. ಅದು ಈ ವರ್ಷ ಕೊಟ್ಟಿದ್ದು. ಹತ್ತನೇ ಇಸ್ವಿಯೊಳಗ ಕುಂತಾಂವಗ ಈ ವರ್ಷದ ಕಾಗದಾ ತೋರಿಸಿದ್ರ ಅಂವ ಹೆಂಗ ನಂಬ್ಯಾನು? ಸುಳ್ಳು ಅಂತಾನ."

"ವೆಬ್‌ಸೈಟಿನ ಪ್ರಮಾಣಪತ್ರ?" ದ್ಯಾಮಣ್ಣ ಪರದೆಯ ಹತ್ತಿರ ಬಗ್ಗಿದ. "ನಂದಲ್ಲ?"

"ನಿಮ್ಮದು ಕೇಳಿ ಇದಕ್ಕೇನ ಆಗಬೇಕೈತ್ರಿ?"

ಗೌಸಸಾಬ ಕರಿ ಡಬ್ಬಿಯ ತಿರುಪು ಬಿಚ್ಚಿದ. ಒಳಗಿಂದ ರೂಪಾಯಿ ಬಿಲ್ಲೆಯಂಥ ಒಂದು ಸೆಲ್ಲು ತೆಗೆದ. ತನ್ನ ತಗಡಿನ ಡಬ್ಬಿಯಿಂದ ಅಂಥದೇ ಹೊಸದನ್ನು ಹುಡುಕಿ ಕೂರಿಸಿದ. ತಾರೀಖು ಸರಿ ಮಾಡಿಸಿದ. ದ್ಯಾಮಣ್ಣ ಕಣ್ಣು ಮುಚ್ಚಿ ಒತ್ತಿದ. ಜ್ಯೇಷ್ಠತಾ ಪಟ್ಟಿ ತೆರೆದುಕೊಂಡಿತು. ಒಂದನೇ ನಂಬರಿನಲ್ಲಿ ದ್ಯಾಮಣ್ಣ ಕರೆಣ್ಣವರ, 'ಅಧೀಕ್ಷಕ ಹುದ್ದೆಯ ಪದೋನ್ನತಿಗೆ ಅರ್ಹ'.

ರುಕ್ಮವ್ವ ಕೈ ಮುಗಿದಳು. ದ್ಯಾಮಣ್ಣನಿಗೆ ಮಾತ್ರ ಆಗ ಮುಂಜಾನೆ ಕೊಟ್ಟು ಬಂದ ಲಕೋಟೆ ನೆನಪಾಯಿತು. ಇಷ್ಟು ದಿನ ಯಾರೂ ದಾಳಿ ಮಾಡಿರಲಿಲ್ಲ. ದಾಳಿ ಮಾಡಿಕೊಂಡವನು ಅವನೇ, ಅದೂ ಲಿಖಿತದಲ್ಲಿ.

"ಮಹಾಂತಯ್ಯಾರ, ನಡೀರಿ! ಆ ಪತ್ರ ವಾಪಸ್ ತಗೊಂಡ ಬರೂಣು!"

ಮಹಾಂತಯ್ಯ ಚಹಾದ ಬಟ್ಟಲು ಕೆಳಗಿಡಲಿಲ್ಲ. "ಕೊಟ್ಟಿದ್ದು ಕೊಟ್ಟಾತ್ರಿ. ಸತ್ಯ ಹೇಳಿ ಹಗುರಾಗೀರಿ. ಇನ್ನ ಶಾಂತಿಯಿಂದ ಇರ್ರಿ."

"ಅಲ್ರಿ, ಕಡೀಕ ನಾ ಒಂದ ಸಾಲ ಸೇರಿಸೇನಿ."

"ಏನಂತ?"

"ಆ ಕಾಲಕ್ಕ ಎಲ್ಲಾ ಮಾಸ್ತರರೂ ಹಿಂಗ ಬರೀತಿದ್ರು, ಆದ್ದರಿಂದ ಮಹಾಂತಯ್ಯ ಮುಂತಾದ ಜೂನ್ ಒಂದರ ಸಿಬ್ಬಂದಿ ಎಲ್ಲಾರ ದಿನಾಂಕಾನೂ ಪರಿಶೀಲಿಸಬಹುದು ಅಂತ."

ಬಟ್ಟಲು ಕೆಳಗೆ ಬಿತ್ತು. ಆಮೇಲೆ ಬಸ್ ನಿಲ್ದಾಣದ ತನಕ ದ್ಯಾಮಣ್ಣನಿಗಿಂತ ಇಪ್ಪತ್ತು ಹೆಜ್ಜೆ ಮುಂದೆ ಓಡಿದವನು ಮಹಾಂತಯ್ಯ. ಚಪ್ಪಲಿ ಹಾಕಿಕೊಂಡಿರಲಿಲ್ಲ.

ವಾಣಿಶ್ರೀ ಇಬ್ಬರ ಏದುಸಿರು ನಿಲ್ಲುವವರೆಗೆ ಕಾದು ಹೇಳಿದಳು. "ಇನ್‌ವರ್ಡ್ ನಂಬರ್ ಬಿದ್ದೈತ್ರಿ. ಸ್ಕ್ಯಾನ್ ಆಗಿ ಸಾಹೇಬರ ಕಂಪ್ಯೂಟರಿಗೆ ಹೋಗೇತಿ."

"ಕಾಗದಾ ಹರದು ಬಿಡವಾ ತಂಗಿ," ಎಂದ ಮಹಾಂತಯ್ಯ ಕೈ ಮುಗಿದು.

"ಕಾಗದಾ ಹರದ್ರ ಸ್ಕ್ಯಾನು ಹರೀತೇತೇನ್ರಿ ಸರ್? ನಿಮ್ಮ ಇಬ್ಬರನೂ ಕೇಳಿದ್ರು ಸಾಹೇಬರು. ಇಬ್ಬರನ್ನಷ್ಟ ಅಲ್ಲ, ಎಲ್ಲಾರನೂ."

ಸಾಹೇಬರು ಉದಯಕುಮಾರ. ಮೈಸೂರು ಕಡೆಯ ಮೂವತ್ತು ವರ್ಷದ ಅಧಿಕಾರಿ. ಆಸ್ಪತ್ರೆಯಲ್ಲಿ ಹುಟ್ಟಿದವರು, ಹುಟ್ಟಿದ ನಿಮಿಷದ ಲೆಕ್ಕವೂ ಅವರ ಬಳಿ ಇತ್ತು. ಅವರ ಮೇಜಿನ ಮುಂದೆ ಕಚೇರಿಯ ಹನ್ನೊಂದು ಜನ ಸಾಲಾಗಿ ನಿಂತರು.

"ಸೇವಾ ಪುಸ್ತಕ ಎಲ್ಲ ತರಿಸಿ ನೋಡ್ದೆ," ಎಂದರು ಉದಯಕುಮಾರ. "ಹನ್ನೊಂದು ಜನದಲ್ಲಿ ಒಂಬತ್ತು ಜನ ಜೂನ್ ಒಂದಕ್ಕೆ ಹುಟ್ಟಿದ್ದೀರ. ವರ್ಷ ಬೇರೆ, ದಿನ ಮಾತ್ರ ಒಂದೇ. ಏನ್ರೀ ಇದು, ನಿಮ್ಮ ಊರುಗಳಲ್ಲಿ ವರ್ಷದ ಮಿಕ್ಕ ದಿನ ಹೆರಿಗೆನೇ ಆಗ್ತಿರ್ಲಿಲ್ವಾ?"

ಒಂಬತ್ತು ಜನರಲ್ಲಿ ಎಂಟು ಜನ ದ್ಯಾಮಣ್ಣನನ್ನು ನೋಡುತ್ತಿದ್ದ ನೋಟಕ್ಕೆ ಯಾವ ದಾಳಿಕೋರರೂ ಸಾಟಿಯಲ್ಲ.

"ದ್ಯಾಮಣ್ಣ, ನೀವು ಬರೆದಿರೋದು ನಿಜಾನಾ?"

ದ್ಯಾಮಣ್ಣನ ಗಂಟಲಲ್ಲಿ ಸುಳ್ಳು ಸಿದ್ಧವಾಗಿತ್ತು. ಆದರೆ ಮೂರು ದಿನದ ಹೆದರಿಕೆಯಿಂದ ಅದೂ ದಣಿದಿತ್ತು. "ಖರೇ ಐತ್ರಿ ಸರ್," ಎಂದ. "ಜ್ವಾಳದ ಸುಗ್ಗ್ಯಾಗ ಹುಟ್ಟೇನ್ರಿ."

ಉದಯಕುಮಾರ ಒಂದು ದಪ್ಪ ನಿಯಮ ಪುಸ್ತಕ ತೆರೆದು ಗುರುತು ಹಾಕಿದ ಪುಟಕ್ಕೆ ಬಂದರು. ಹನ್ನೊಂದು ಜನರಿಗೂ ಹಾಳೆ ಮಗುಚುವ ಸದ್ದು ಕೇಳಿಸಿತು.

"ಅಂದ್ರೆ ಜನ್ಮದಿನಾಂಕ ತಿದ್ದಬೇಕು ಅಂತ ಅರ್ಜಿ ಕೊಟ್ಟ ಹಾಗಾಯ್ತು. ಸೇವೆಗೆ ಸೇರಿ ಮೂರು ವರ್ಷದೊಳಗೆ ಕೊಡಬೇಕಿತ್ತು. ನೀವು ಸೇರಿ ಮೂವತ್ತೆರಡು ವರ್ಷ ಆಗಿದೆ. ಇಪ್ಪತ್ತೊಂಬತ್ತು ವರ್ಷ ಲೇಟು." ಪೆನ್ನು ತೆಗೆದರು. "ತಿರಸ್ಕರಿಸಲಾಗಿದೆ."

"ಅಂದ್ರ ಸರ್... ನಾ ಹುಟ್ಟಿದ್ದು?"

"ಜೂನ್ ಒಂದಕ್ಕೆ. ಇನ್ಮೇಲೆ ಬೇರೆ ದಿನ ಹುಟ್ಟೋಕೆ ನಿಮಗೆ ಅವಕಾಶ ಇಲ್ಲ. ಒಂದನೇ ತಾರೀಖಿಗೆ ಅಧೀಕ್ಷಕರಾಗಿ ಚಾರ್ಜ್ ತಗೊಳ್ಳಿ. ಹೋಗಿ ಎಲ್ಲರೂ ಕೆಲಸ ನೋಡಿ."

ಹೊರಗೆ ಬಂದ ಮೇಲೆ ಎಂಟು ಜನ ದ್ಯಾಮಣ್ಣನನ್ನು ಹೊಡೆಯಲಿಲ್ಲ. ಅವರಲ್ಲಿ ಒಬ್ಬನಿಗೆ ಒಂದು ವಿಚಾರ ಹೊಳೆದಿತ್ತು. ತಮ್ಮೆಲ್ಲರ ಜೂನ್ ಒಂದು ಯಾವುದೋ ಸತ್ತ ಮಾಸ್ತರರ ಬಾಯಿಮಾತು. ದ್ಯಾಮಣ್ಣನ ಜೂನ್ ಒಂದಕ್ಕೆ ಮಾತ್ರ ಈಗ ಸಾಹೇಬರ ಸಹಿ, ಗೋಲ ಮೊಹರು ಇತ್ತು. ಮರುದಿನ ಟಪಾಲಿನಲ್ಲಿ ಎಂಟು ತಪ್ಪೊಪ್ಪಿಗೆಗಳು ಬಂದವು, ಎಲ್ಲವೂ ದಯವಿಟ್ಟು ತಿರಸ್ಕರಿಸಬೇಕೆಂದು ಕೋರಿದ್ದವು. ಎಲ್ಲಕ್ಕಿಂತ ಮೇಲಿನದು ಮಹಾಂತಯ್ಯನದು. ಅವನು 'ತುರ್ತು' ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದ.

ಶನಿವಾರ ಆದೇಶದ ಪ್ರತಿ ಕೈಗೆ ಬಂತು. ದ್ಯಾಮಣ್ಣ ಪೇಢಾ ತಂದು, ತಾಯಿಯ ಮುಂದೆ ಕೂತು, ಆದೇಶವನ್ನು ಗಟ್ಟಿಯಾಗಿ ಓದಿದ. ಸದರಿ ನೌಕರರು ಜೋಳದ ಸುಗ್ಗಿಯಲ್ಲಿ ಜನಿಸಿದ್ದಾಗಿ ಮಾಡಿರುವ ಮನವಿಯನ್ನು ಪರಿಗಣಿಸಲು ಬರುವುದಿಲ್ಲ. ಸದರಿಯವರು ಜೂನ್ ಒಂದರಂದೇ ಜನಿಸಿರುತ್ತಾರೆಂದು ಅಂತಿಮಗೊಳಿಸಿದೆ.

"ಅಂದ್ರ?" ಎಂದಳು ದಾನವ್ವ.

"ಅಂದ್ರ ಯವ್ವಾ, ನಾ ಸುಗ್ಗ್ಯಾಗ ಹುಟ್ಟಿಲ್ಲ. ಜೂನ್ ಒಂದಕ್ಕ ಹುಟ್ಟೇನಿ. ಇನ್ನ ಯಾರೂ ಏನೂ ಅನ್ನಂಗಿಲ್ಲ. ಸರ್ಕಾರನ ಬರದು ಕೊಟ್ಟೈತಿ."

ದಾನವ್ವ ಪೇಢೆಯನ್ನು ಬಾಯಿಗೆ ಹಾಕಿಕೊಳ್ಳದೆ ಮಡಿಲಲ್ಲಿ ಇಟ್ಟುಕೊಂಡಳು. ಬೆರಳು ಮಡಿಸಿ ಏನೋ ಎಣಿಸಿದಳು. ಆಮೇಲೆ ಮಗನ ಮುಖವನ್ನು, ಹೊಸದಾಗಿ ಮನೆಗೆ ಬಂದವನನ್ನು ನೋಡುವಂತೆ, ಹಣೆಯಿಂದ ಗದ್ದದವರೆಗೆ ನೋಡಿದಳು.

"ಹಂಗಾರ ಬಣವಿ ಹಿಂದ ನಾ ಹಡದೆನಲ್ಲ," ಎಂದಳು, "ಅಂವ ಯಾಂವ?"

ದ್ಯಾಮಣ್ಣ ಆದೇಶವನ್ನು ಮೊದಲಿಂದ ಮತ್ತೊಮ್ಮೆ ಓದಿದ. ಈ ಸಲ ಸಣ್ಣ ಅಕ್ಷರಗಳನ್ನೂ ಓದಿದ. ಆ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ.